ಕೊನೆಯ ನೀರಿನ ಗಂಟೆ

ಆಗಸ್ಟ್ 17, ಭಾನುವಾರ. ಉಗಾರ ಬುದ್ರುಕ

ಮತ್ತೆ ಮೋಡ. ಸೂರ್ಯ ಎಲ್ಲಿದ್ದಾನೆಂದು ಹುಡುಕಲು ಅತ್ತೆ ಮೂರು ಸಲ ಮಾಳಿಗೆ ಹತ್ತಿ ಇಳಿದರು. ನಮ್ಮ ಜೈನರ ಚಾತುರ್ಮಾಸದ ನೇಮ — ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ಮೋಡದ ದಿನ ಅನುಮಾನಕ್ಕೆ ಐದಕ್ಕೇ ಊಟ ಮುಗಿಸಿಬಿಡುತ್ತಾರೆ. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ. ಮೊನ್ನೆ ಬೆಳಗಿನ ಜಾವ ತಲೆ ಸುತ್ತಿ ಬಿದ್ದರು.

ಮೊಬೈಲಿನಲ್ಲಿ ಸೂರ್ಯಾಸ್ತ ತೋರಿಸಿದೆ. "ಅದು ಬೆಳಗಾವಿ ಸೂರ್ಯಾ" ಅಂದು ಮುಖ ತಿರುಗಿಸಿದರು. ಸರಿ. ನಮ್ಮೂರಿನ ಸೂರ್ಯನನ್ನೇ ಡಬ್ಬಿಯಲ್ಲಿ ಹಾಕಿ ಕೊಡುತ್ತೇನೆ. ಚಿಕ್ಕೋಡಿ ಕಾಲೇಜಿನ ನನ್ನ ಲ್ಯಾಬಿನಲ್ಲಿ ಐದು ಸರ್ಕ್ಯೂಟ್ ಬೋರ್ಡು ಧೂಳು ತಿನ್ನುತ್ತಿವೆ.

ಆಗಸ್ಟ್ 19, ಸಂಜೆ 7

ಓಡಿತು! ಐದು ಬೋರ್ಡು, ಮೂರು ಜಾತಿಯ ಚಿಪ್ಪು. ಹಳೆಯ ದಾರಿಯಾದರೆ ಮೂರು ಸಲ ಬೇರೆ ಬೇರೆ ಪ್ರೋಗ್ರಾಂ. ಈಗ ಪ್ರತಿ ಚಿಪ್ಪಿನಲ್ಲೂ ಒಂದು ಪುಟ್ಟ ರನ್‌ಟೈಮ್, ದುಭಾಷಿಯ ಹಾಗೆ. ನನ್ನ ಬೈಟ್‌ಕೋಡ್ ಫೈಲು ಒಂದೇ; ಆ ದುಭಾಷಿ ಅದನ್ನು ಓದಿ ತನ್ನ ಚಿಪ್ಪಿಗೆ ತಿಳಿಸುತ್ತದೆ. ಕನ್ನಡ-ಮರಾಠಿ ಎರಡೂ ಮಾತಿನ ನಿಪ್ಪಾಣಿಯಲ್ಲಿ ಬೆಳೆದವಳಿಗೆ ದುಭಾಷಿಯ ಬೆಲೆ ಹೊಸದೇ? ಫೈಲು ಬರೀ 2.9 ಕೆಬಿ. ಗಂಡ ಜಿನೇಂದ್ರನಿಗೆ ದಿನಾ ಬರುವ ಗುಡ್ ಮಾರ್ನಿಂಗ್ ಫೋಟೋ ಇದರ ಐವತ್ತು ಪಟ್ಟು ಇರುತ್ತದೆ ಅಂದೆ. ಅವನು ನಕ್ಕ, ಮೊಬೈಲು ಬಿಡಲಿಲ್ಲ.

ಕೆಲಸ ಇಷ್ಟೇ: ದಿನಾಂಕ ನೋಡಿ ನಮ್ಮೂರಿನ ಸೂರ್ಯಾಸ್ತ ಲೆಕ್ಕ ಹಾಕುವುದು, ಹತ್ತು ನಿಮಿಷ ಮೊದಲು ಗಂಟೆ ಬಾರಿಸುವುದು — ಕೊನೆಯ ನೀರು ಕುಡಿಯಿರಿ ಅಂತ. ಮೊದಲ ಡಬ್ಬಿ ಅಡುಗೆಮನೆಯಲ್ಲಿ. ಮೊಬೈಲು ಚಾರ್ಜಿಗಿತ್ತು, ಗೋಡೆ ಗಡಿಯಾರ ನೋಡಿ ಟೈಮ್ ಇಟ್ಟೆ.

ಒಂದೇ ಕಿರಿಕಿರಿ. 6.43ಕ್ಕೆ ಆಗಬೇಕಾದ ಗಂಟೆ ಮೊಬೈಲಿನ ಪ್ರಕಾರ 6.28ಕ್ಕೇ ಆಯಿತು. ದಶಾಂಶದ ಲೆಕ್ಕ ರನ್‌ಟೈಮ್‌ನಲ್ಲಿ ಎಲ್ಲೋ ಮೊಟಕಾಗುತ್ತಿರಬೇಕು...

ಆಗಸ್ಟ್ 20

ಫೈಲಿನಲ್ಲಿ ಹದಿನೈದು ನಿಮಿಷ ಕೂಡಿಸಿದೆ. ಕರೆಕ್ಟ್ 6.42ಕ್ಕೆ ಗಂಟೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅತ್ತೆ ಮಾತ್ರ ಮಾಳಿಗೆ ಹತ್ತುವುದನ್ನು ಬಿಟ್ಟಿಲ್ಲ.

ಆಗಸ್ಟ್ 27

ನಾಳೆಯಿಂದ ಹತ್ತು ದಿನದ ಪರ್ವ. ಬಸದಿಯ ಹಿರಿಯರು ಕಾಕಾಸಾಹೇಬರು ಡಬ್ಬಿ ನೋಡಿ ಒಪ್ಪಿದರು. ಬಸದಿಯಲ್ಲೊಂದು, ಮೂರು ಮನೆಗಳಲ್ಲಿ ಮೂರು ಕೂರಿಸಿದೆ. ಮೊಬೈಲು ಕೈಯಲ್ಲೇ ಇತ್ತು, ಎಲ್ಲಕ್ಕೂ ಅದರದೇ ಟೈಮ್. ಇಂಟರ್ನೆಟ್ ಬೇಕಿಲ್ಲ, ನಮ್ಮ ಮಾಳಿಗೆಯ ಆಂಟೆನಾದಿಂದ ಅದೇ ಫೈಲು ರೇಡಿಯೋದಲ್ಲಿ ಹೋಯಿತು. ಕಾಕಾಸಾಹೇಬರು ಎಲ್ಲರೆದುರು ಹೇಳಿಬಿಟ್ಟರು, "ನಾಳಿಂದ ಮೋಡ ನೋಡಬ್ಯಾಡ್ರಿ. ಗಂಟಿ ಕೇಳಿ ಕೊನೀ ನೀರ ಕುಡೀರಿ." ನನಗೆ ಕುಣಿಯುವಷ್ಟು ಖುಷಿ.

ಆಗಸ್ಟ್ 28, ಸಂಜೆ 6.19

ಫೈಲು ಹೋಗುತ್ತಿದೆ. ಸುಮ್ಮನೆ ನೋಡುತ್ತ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆರು ದಾಟಿತ್ತು. ಗೋಡೆ ನೋಡಿ, ಆರೂಕಾಲು ಆಗಿಬಿಟ್ಟಿತಲ್ಲ ಅಂದೆ. ಅತ್ತೆ ರೊಟ್ಟಿ ತಟ್ಟುತ್ತಲೇ, "ಅದು ಊಟದ ಗಡಿಯಾರ ಐತಿ. ಹದಿನೈದ ಮಿನಿಟ ಮುಂದ ಇಟ್ಟೀನಿ. ಯಾರೂ ತಡಾ ಮಾಡಿ ಉಣಬಾರ್ದಂತ."

ಮದುವೆಯಾಗಿ ಎಂಟು ತಿಂಗಳು. ಆ ಗಡಿಯಾರವನ್ನು ಮೊಬೈಲಿಗೆ ಒಮ್ಮೆಯೂ ಹೋಲಿಸಿ ನೋಡಿರಲಿಲ್ಲ.

ರನ್‌ಟೈಮ್ ತಪ್ಪಿರಲೇ ಇಲ್ಲ, ತಪ್ಪಿದ್ದು ಆ ಗಡಿಯಾರ ನೋಡಿ ಡಬ್ಬಿಗೆ ಟೈಮ್ ಇಟ್ಟ ನಾನು. ನಾನು ಕೂಡಿಸಿದ ಹದಿನೈದು ನಿಮಿಷ ಮೊಬೈಲಿನ ಸರಿ ಟೈಮ್ ಇರುವ ನಾಲ್ಕೂ ಡಬ್ಬಿಗಳಲ್ಲಿ ಕೂತಿದೆ. ಇವತ್ತು ಸೂರ್ಯಾಸ್ತ 6.47. ಬಸದಿಯ ಗಂಟೆ ಆಗುವುದು 6.52ಕ್ಕೆ. ಗಂಟೆ ನಂಬಿದವರೆಲ್ಲ ಹೊತ್ತು ಮುಳುಗಿದ ಮೇಲೆ ನೀರು ಕುಡಿಯುತ್ತಾರೆ. ಪರ್ವದ ಮೊದಲ ದಿನವೇ ನೇಮ ಮುರಿಯುತ್ತದೆ, ನನ್ನ ಕೈಯಿಂದ.

ಕೂಡಿಸಿದ್ದನ್ನು ತೆಗೆದೆ. ಒಂದೇ ಫೈಲು, ಮೂರು ಜಾತಿಗೂ. ಮೂರು ಸಲ ಮಾಡಬೇಕಿದ್ದರೆ ಇವತ್ತು ಮುಗಿಯುತ್ತಿರಲಿಲ್ಲ. ಅಡುಗೆಮನೆ ಡಬ್ಬಿಯ ಟೈಮೂ ಸರಿ ಮಾಡಿದೆ.

6.27

ಫೈಲು ಮುಟ್ಟಿತೆಂದು ಮೂರು ಮನೆಗಳ ಡಬ್ಬಿಗಳಿಂದ ಓಕೆ ಬಂತು. ಬಸದಿಯಿಂದ ಇಲ್ಲ. ಮಳೆ ಜೋರಾಗಿದೆ, ರೇಡಿಯೋ ಅಲ್ಲಿಗೆ ಮುಟ್ಟುತ್ತಿಲ್ಲ. ಜಿನೇಂದ್ರ ಬೈಕು ತೆಗೆದಾಯಿತು. ಲ್ಯಾಪ್‌ಟಾಪು, ಆಂಟೆನಾ ಎರಡೂ ಕೊಡೆಯ ಕೆಳಗೆ —

7.30

ಬಸದಿಯ ಕಟ್ಟೆಯ ಮೇಲೆ ಕೂತು ಕಳಿಸಿದೆ. 6.35ಕ್ಕೆ ಓಕೆ. 6.37ಕ್ಕೆ ಗಂಟೆ. ಓಣಿಯ ಮನೆಮನೆಯಲ್ಲೂ ತಂಬಿಗೆಯ ಸದ್ದು ಕೇಳಿದಂತಾಯಿತು. ಅಲ್ಲೇ ಅತ್ತುಬಿಟ್ಟೆ.

ಮುಚ್ಚಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಕಾಸಾಹೇಬರಿಗೆ ಎಲ್ಲ ಹೇಳಿದೆ. ಅತ್ತೆಯೂ ಬಂದು ನಿಂತಿದ್ದರು. ಕಾಕಾಸಾಹೇಬರು, "ನೀನಾಗೇ ಬಂದ ಹೇಳಿದಿ, ಡಬ್ಬಿ ಇರ್ಲಿ" ಅಂದರು.

ಆಗಸ್ಟ್ 29, ಸಂಜೆ 6.30

ಕಗ್ಗತ್ತಲ ಮೋಡ. ಜಿನೇಂದ್ರ ಗೋಡೆ ಗಡಿಯಾರ ಸರಿ ಮಾಡಲು ಹೋದ. ನಾನೇ ಬೇಡವೆಂದೆ. ಊಟದ ಗಡಿಯಾರ ಹಾಗೇ ಇರಲಿ.

ಪಕ್ಕದೂರು ಶಿರಗುಪ್ಪಿಯವರು ಎರಡು ಡಬ್ಬಿ ಕೇಳಿದ್ದಾರೆ. ನಾಲ್ಕನೆಯ ಜಾತಿಯ ಚಿಪ್ಪು ಸಿಕ್ಕಿದೆ, ಅದರಲ್ಲೂ ಫೈಲು ಬದಲಿಸದೆ ಓಡಿತು. ಇದನ್ನು ಬರೆಯಲೇಬೇಕು, ಏಕೆಂದರೆ —

ಗಂಟೆ. ಅತ್ತೆ ಮಾಳಿಗೆ ಹತ್ತಿಲ್ಲ. ಕೂತಲ್ಲೇ ತಂಬಿಗೆ ಎತ್ತಿದ್ದಾರೆ. ನನಗೂ ಒಂದು ಲೋಟ ಬಗ್ಗಿಸಿಟ್ಟು ಕಾಯುತ್ತಿದ್ದಾರೆ. "ಬ್ರಾಹ್ಮಿ, ಬರಿಯೂದು ಆಮ್ಯಾಲ. ಗಂಟಿ ಆತು." ಇನ್ನು ಹತ್ತೇ ನಿ