ಭಂಡಾರ ಮುಟ್ಟಿದವನನ್ನು ಬಿಟ್ಟು ನನ್ನ ಮಗಳನ್ನು ಹಿಡಿದವರಿಗೆ

ಮಾನ್ಯ ಪೊಲೀಸ್ ಮೇಲಧಿಕಾರಿಗಳೇ,

ಕಳ್ಳನನ್ನು ನಾನು ಹಿಡಿದುಕೊಟ್ಟೆ, ನಿಮ್ಮವರು ಬಿಟ್ಟರು. ಅವನಿಂದ ಮೋಸಹೋದ ನನ್ನ ಮಗಳನ್ನು ಆರೋಪಿ ಎಂದು ಬರೆದುಕೊಂಡು ಕುಳಿತಿದ್ದಾರೆ. ಕಾನೂನಿನಲ್ಲಿ ಇದಕ್ಕೆ ಏನು ಹೆಸರೋ ತಿಳಿಯದು. ನಾನು ಊರ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವಳು. ನಮ್ಮ ಚಿಂಚಲಿಯಲ್ಲಿ ಇದಕ್ಕೆ ಅನ್ಯಾಯ ಅನ್ನುತ್ತಾರೆ.

ಮಗಳು ಶುಭಾಂಗಿ ಬಿ.ಕಾಂ. ಮುಗಿಸಿ ಫೋನಿನಲ್ಲಿ ನೌಕರಿ ಹುಡುಕುತ್ತಿದ್ದಳು. ಅಲ್ಲಿ ಕಂಡ ಒಂದು ಜಾಹೀರಾತಿಗೆ ಉತ್ತರಿಸಿದ್ದಕ್ಕೆ, ಕೊಲ್ಹಾಪುರದ ಕಡೆಯ ದೊಡ್ಡ ಕಂಪನಿಯವನು ಎಂದು ಒಬ್ಬ ಟೈ ಕಟ್ಟಿಕೊಂಡು ಮನೆಗೇ ಬಂದ. ಸುಹಾಸ ಅಂತ ಹೆಸರು ಹೇಳಿದ. ನೌಕರಿಗೆ ರೊಕ್ಕ ಕೇಳಿದರೆ ಕೊಡಬೇಡಿ ಎಂದು ನೀವು ಗೋಡೆಗೆಲ್ಲ ಚೀಟಿ ಅಂಟಿಸಿದ್ದೀರಲ್ಲ, ಅದನ್ನು ಅವನೂ ಓದಿದ್ದ ಅಂತ ಕಾಣುತ್ತದೆ. ಒಂದು ಪೈಸೆ ಕೇಳಲಿಲ್ಲ. "ಪಗಾರ ಜಮಾ ಆಗಾಕ ಹೊಸಾ ಖಾತೆ ತಗೀಬೇಕ್ರಿ ಅವ್ವಾರ. ಖಾತೆದ ಕಾರ್ಡು, ಅದಕ್ಕ ಜೋಡಿಸಿದ ಸಿಮ್ಮು ಆಫೀಸಿನ್ಯಾಗ ಇರತಾವ್ರಿ, ಕೆಲಸಕ್ಕ ಬಂದ ದಿನ ಕೊಡತೇವಿ" ಅಂದ.

ನಾನೇನು ಸುಮ್ಮನೆ ನಂಬಲಿಲ್ಲ. ದೇವರ ಜಗಲಿಯಿಂದ ಮಾಯಕ್ಕನ ಭಂಡಾರ ತಂದು ಮುಂದಿಟ್ಟೆ. ಭಂಡಾರವೆಂದರೆ ದೇವಿಯ ಅರಿಷಿಣ. ಎಮ್ಮೆ ಮಾರಲಿ, ಹೊಲದ ಬದುವಿನ ಜಗಳ ಬಗೆಹರಿಯಲಿ, ಅದನ್ನು ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಅವನು ಮುಟ್ಟಿದ, ಹಣೆಗೆ ಬಳಿದುಕೊಂಡ. "ತಾಯಿ ಆಣೆ ಐತ್ರಿ, ಇಕಿ ನನ್ನ ತಂಗಿ ಇದ್ಧಂಗ" ಅಂದ. ನಾನು ಬಡಿದ ರೊಟ್ಟಿಯನ್ನೂ ತಿಂದ.

ಖಾತೆ ತೆಗೆದ ಮೇಲೆ ಶುಭಾಂಗಿ ಹಿಂದೇಟು ಹಾಕಿದಳು. "ಅವ್ವಾ, ಕಾರ್ಡ್ ಯಾಕ ಅವನ ಕೈಯಾಗ ಕೊಡಬೇಕ?"

"ಭಂಡಾರ ಮುಟ್ಯಾನ, ಕೊಡ ಬೇ" ಅಂದವಳು ನಾನೇ.

ಕೊಟ್ಟಳು. ಆಮೇಲೆ ಅವನ ಸುಳಿವಿಲ್ಲ; ಯಾರಾರಿಗೋ ಮೋಸ ಮಾಡಿ ಕಿತ್ತ ದುಡ್ಡು ಅವಳ ಖಾತೆಗೆ ಬಂದು ಹೋಯಿತಂತೆ. ಹೊರರಾಜ್ಯದ ಪೊಲೀಸರಿಂದ ನೋಟಿಸು ಬಂತು. ನಾವಾಗಿಯೇ ಠಾಣೆಗೆ ಹೋದೆವು.

"ಖಾತೆ ಯಾರದು?"

"ನಂದ್ರಿ."

"ಸಹಿ?"

"ನಂದ್ರಿ."

"ಮತ್ತ ಕಳ್ಳಿ ಯಾರ?"

ನಾನು ಆಣೆಯ ವಿಷಯ ಹೇಳಿದೆ. "ದೇವರ ಆಣಿಗೆ ನಮ್ಮ ಫಾರ್ಮಿನ್ಯಾಗ ಕಾಲಂ ಇಲ್ಲ ಬಾಯಿ" ಅಂದರು ಸಾಹೇಬರು. ಠಾಣೆಯೆಲ್ಲ ನಕ್ಕಿತು. ಸರಿ, ನಾವು ಹಳ್ಳಿಯ ಮೂಢರು. ಆದರೆ ಕೋರ್ಟಿನಲ್ಲಿ ಸಾಕ್ಷಿ ಹೇಳುವವರಿಂದ ದೇವರ ಮೇಲೆ ಪ್ರಮಾಣ ಮಾಡಿಸುತ್ತೀರಲ್ಲ, ಅದಕ್ಕೆ ಮಾತ್ರ ಕಾಲಂ ಎಲ್ಲಿಂದ ಬಂತು?

ಪಕ್ಕದ ತಾಲೂಕಿನಲ್ಲಿರುವ ನನ್ನ ತಂಗಿಯ ಮಗಳು ಸಪನಾಳ ಫೋನಿಗೆ ಮೊನ್ನೆ ಅದೇ ಮುಖ, ಬೇರೆ ಹೆಸರು, ಬೇರೆ ಕಂಪನಿಯ ಜಾಹೀರಾತು ಬಂತು. ನಿಮ್ಮೂರ ಬಸ್ ನಿಲ್ದಾಣಕ್ಕೆ ಅವನನ್ನು ಕರೆಸು ಅಂದೆ. ಬಂದ. ಕಾಲರ್ ಹಿಡಿದೆ, ಚಪ್ಪಲಿಯಿಂದ ಬಾರಿಸಿದೆ, ಮುಚ್ಚಿಡುವುದೇನಿದೆ?

"ನೀವ್ ಯಾರೋ ನನಗ ಗೊತ್ತಿಲ್ರಿ" ಅಂದ.

"ನನ್ನ ಕೈಯಾಗಿನ ರೊಟ್ಟಿ ತಿಂದಿ, ಈಗ ಗೊತ್ತಿಲ್ಲೇನಲೇ?"

ಅಷ್ಟರಲ್ಲಿ ನಾನೇ ಫೋನ್ ಮಾಡಿ ಕರೆಸಿದ್ದ ಅಲ್ಲಿಯ ಠಾಣೆಯ ನಿಮ್ಮವರು ಬಂದರು. "ಕಾಲರ್ ಬಿಡು ಬಾಯಿ. ನಿಮ್ಮ ಕೇಸ್ ಆ ಕಡೆದು, ನಮ್ಮ ಹದ್ದಿನ್ಯಾಗ ಬರಂಗಿಲ್ಲ. ಹೊಡದದ್ದಕ್ಕ ನಿನ್ನ ಮ್ಯಾಲ ಕೇಸ್ ಆಕ್ಕೈತಿ." ಅವನ ಹೆಸರು ಕೇಳಲಿಲ್ಲ, ಫೋನ್ ಕಸಿಯಲಿಲ್ಲ. ಅವನು ಮೀರಜ್ ಬಸ್ ಹತ್ತಿ ಕಿಟಕಿಯಿಂದ ನನ್ನನ್ನು ನೋಡಿ ನಕ್ಕ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಎಲ್ಲ ಅವನಿಗೆ ಒಂದೇ ಅಂಗಳ. ಹದ್ದಿನ ಗೆರೆ ಇರುವುದು ನಿಮಗೆ ಮಾತ್ರವೇ?

ಈಗ ಕೇಳಿ. ಶುಭಾಂಗಿ ಪರೀಕ್ಷೆ ಬರೆದು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತಳಾಗಿ ಆಯ್ಕೆಯಾಗಿದ್ದಾಳೆ. ತಿಂಗಳ ಕೊನೆಯೊಳಗೆ ನಿಮ್ಮಿಂದ ನಡತೆಯ ಪ್ರಮಾಣಪತ್ರ ಬೇಕು. ಪ್ರಕರಣ ಬಾಕಿ ಇದೆ, ಕೊಡಲಾಗದು ಅನ್ನುತ್ತಾರೆ. ಸುಳ್ಳು ನೌಕರಿ ಕೊಟ್ಟವನು ಅವನು; ಖರೇ ನೌಕರಿ ಕಸಿಯುತ್ತಿರುವವರು ನೀವು. ಇಬ್ಬರಲ್ಲಿ ದೊಡ್ಡ ಕಳ್ಳ ಯಾರು ಎಂದು ಮಗಳು ಕೇಳಿದರೆ ನಾನೇನು ಹೇಳಲಿ?

ನೆರೆಮನೆಯ ಕಮಲಾಬಾಯಿ ಜೈನರು, ಇರುವೆಗೂ ನೋವು ಬಯಸದವರು. "ಕ್ಷಮಾ ಮಾಡಿಬಿಡು ಸೀತವ್ವಾ, ಮನಸ್ಸು ಹಗುರ ಆಕ್ಕೈತಿ" ಅನ್ನುತ್ತಾರೆ. ಅವರ ಮನಸ್ಸು ದೊಡ್ಡದು. ನನ್ನ ಮನಸ್ಸು ಹಗುರಾಗುವುದು ಬೇಡ. ಅವನ ಕೈಗೆ ಬೇಡಿ ಬೀಳಬೇಕು, ಅವನ ತಾಯಿ ಠಾಣೆಯ ಬಾಗಿಲಲ್ಲಿ ನನ್ನ ಹಾಗೆ ನಿಲ್ಲಬೇಕು. ದಿನಾ ಮುಂಜಾನೆ ದೀಪ ಹಚ್ಚಿ ಇದನ್ನೇ ಬೇಡಿಕೊಳ್ಳುತ್ತೇನೆ. ಪಾಪವಾದರೆ ಆಗಲಿ.

ನಿಮ್ಮಲ್ಲಿ ಬೇಡುವುದಿಲ್ಲ, ಕೇಳುತ್ತೇನೆ. ಶುಭಾಂಗಿಯನ್ನು ಆರೋಪಿಯ ಪಟ್ಟಿಯಿಂದ ತೆಗೆದು ದೂರುದಾರಳೆಂದು ಬರೆಯಿರಿ. ಹೊರರಾಜ್ಯದವರಿಗೂ ಹಾಗೆಯೇ ತಿಳಿಸಿರಿ. ಈ ತಿಂಗಳ ಕೊನೆಯೊಳಗೆ ಪ್ರಮಾಣಪತ್ರ ಕೊಡಿ. ಆ ನಿಲ್ದಾಣದ ಕ್ಯಾಮೆರಾದಲ್ಲಿ ಅವನ ಮುಖ ಅಳಿಯುವ ಮೊದಲು ತೆಗೆಸಿರಿ. ಆಗದಿದ್ದರೆ ಅದನ್ನೂ ಸಹಿ ಹಾಕಿ ಬರೆದುಕೊಡಿ. ಮುಂದಿನ ಸಲ ಅವನು ನನ್ನ ಕೈಗೆ ಸಿಕ್ಕರೆ ನಾನು ನಿಮ್ಮನ್ನು ಕರೆಯುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಬರೀ ‘ಆರೋಪಿಯ ತಾಯಿ’ ಆಗಿರುವ
ಸೀತವ್ವ, ಚಿಂಚಲಿ