ಅರಗು ತುಂಬದ ಗುಂಡು

ಅಪ್ಪಾಜಿ,

ಇವತ್ತು ಬೆಳಿಗ್ಗೆ ಸಿಂಧಘಟ್ಟದ ಬೆಟ್ಟಮ್ಮ ಬಂದಿದ್ದರು. ನೀವು ತೀರಿಕೊಳ್ಳುವ ಮುಂಚೆ ಕೊನೆಯದಾಗಿ ಮಾಡಿದ, ಅವರ ಸೊಸೆಯ ತಾಳಿಯ ಚಿನ್ನದ ಗುಂಡುಗಳನ್ನು ಸೆರಗಿಗೆ ಗಂಟು ಕಟ್ಟಿ ತಂದಿದ್ದರು. ಎರಡೂ ನೆಗ್ಗಿದ್ದವು.

“ಒಳಗೆ ಅರಗೇ ತುಂಬಿಲ್ಲ ಕಣವ್ವ, ಬರೀ ಪೊಳ್ಳು. ಆಚಾರ್ರು ಯಾವತ್ತೂ ಇಂಗೆ ಮಾಡ್ದೋರಲ್ಲ. ಏನಾಗಿತ್ತವ್ವ ಅವ್ರಿಗೆ?”

ಏನಾಗಿತ್ತೆಂದು ನನಗೆ ಗೊತ್ತು. ಅವರ ಮಗನ ಮದುವೆ ಹತ್ತಿರ ಬಂತು, ಕೂತಲ್ಲೇ ತೂಕಡಿಕೆ ಬರುತ್ತದೆ ಎಂದಿರಿ. ಪಿಎಚ್‌ಡಿ ಪ್ರಬಂಧ ಬರೆಯಲೆಂದು ನಾನು ತರಿಸಿಕೊಂಡು ನುಂಗುತ್ತಿದ್ದ, ನಿದ್ದೆ ಓಡಿಸಿ ಮನಸ್ಸನ್ನು ಒಂದೇ ಕಡೆ ನಿಲ್ಲಿಸುವ ಮಾತ್ರೆಯನ್ನು ನಿಮಗೂ ಕೊಟ್ಟೆ. “ತಲೆ ಬಾಳ ಚುರುಕಾಗೈತೆ ಕಣಮ್ಮ” ಎಂದು ನಕ್ಕಿರಿ. ಎರಡು ದಿನ ಕೂತ ಜಾಗ ಬಿಟ್ಟೇಳದೆ ಗುಂಡುಗಳ ಹೊರಮೈಯನ್ನೇ ಉಜ್ಜಿದಿರಿ; ನೆಗ್ಗದಂತೆ ಒಳಗೆ ಅರಗು ತುಂಬುವುದರ ಕಡೆ ಗಮನವೇ ಹೋಗಲಿಲ್ಲ. ನಿಮ್ಮ ಕೈಯಲ್ಲೂ ಅಂಥ ಹೊಳಪನ್ನು ನಾನು ಕಂಡಿರಲಿಲ್ಲ.

ಬೆಟ್ಟಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

“ಕೊನೆಗಾಲದಲ್ಲಿ ಅಪ್ಪಾಜಿಗೆ ಮರೆವು ಬಂದಿತ್ತು” ಎಂದೆ.

“ಅಯ್ಯೋ, ನಮಗೆ ಗೊತ್ತೇ ಆಗ್ಲಿಲ್ವಲ್ಲವ್ವ. ಓಗ್ಲಿ ಬುಡು” ಎಂದು ಗುಂಡುಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಹೋದರು.

ಸಂಜೆ, ನಿಮಗೆ ಮರೆವು ಬಂದಿತ್ತಂತೆ ಎಂಬ ಸುದ್ದಿ ಕೇಳಿ, ಅದೇ ಊರಿನ ಇನ್ನಿಬ್ಬರು ಹೆಂಗಸರು ಬಂದರು. ಹೋದ ವರ್ಷ ನೀವು ಮಾಡಿಕೊಟ್ಟ ಒಡವೆಗಳನ್ನು ಮೇಜಿನ ಮೇಲಿಟ್ಟು, ಇವನ್ನೂ ಬೇರೆ ಅಕ್ಕಸಾಲಿಗರಿಗೆ ತೋರಿಸಬೇಕಾ ಎಂದು ಕೇಳಿದರು.