ಗಾಜಿನ ಇನ್ನೊಂದು ತುದಿ

ಪರದೆಯ ಆಚೆ ಮಲಗಿರುವ ನನ್ನ ಗಾಜಿನವರಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಗಂಡನಿಗೆ ಪತ್ರ ಬರೆಯುವ ಹೆಂಗಸು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ನಗು ಬಂದರೆ ನಗಿ. ನೀವು ನಕ್ಕಿದ್ದನ್ನು ಕೇಳಿ ಬಹಳ ಕಾಲವಾಯಿತು. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ನಾನು ಮಾತೆತ್ತಿದ ಕೂಡಲೇ ನೀವು ಗೋಡೆಯ ಕಡೆ ತಿರುಗುತ್ತೀರಿ. ಕಾಗದವಾದರೆ ದಿಂಬಿನ ಪಕ್ಕದಲ್ಲೇ ಬಿದ್ದಿರುತ್ತದೆ, ಯಾವ ಕಡೆ ಹೊರಳಿದರೂ ಎಂದಾದರೊಮ್ಮೆ ಕೈಗೆ ತಗಲುತ್ತದೆ. ಮಗಳು ಚರ್ಚಿಗೆ ಹಾಡು ಕಲಿಯಲು ಹೋಗಿದ್ದಾಳೆ. ನಾನು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಗಾಜು ಕತ್ತರಿಸುವ ಮೇಜಿನ ಮೇಲೆಯೇ ಕಾಗದ ಹರಡಿಕೊಂಡು ಕೂತಿದ್ದೇನೆ. ನಿಮ್ಮ ಕೆಮ್ಮು ಇಲ್ಲಿಗೆ ಕೇಳಿಸುತ್ತಿದೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಾಳೆ ಮಧ್ಯಾಹ್ನ ಅಣ್ಣ ವ್ಯಾನು ತೆಗೆದುಕೊಂಡು ಬರುತ್ತಾನೆ. ಅಂಗಡಿಯ ಬೀಗದ ಕೈ ಮಾಲೀಕರಿಗೆ ಒಪ್ಪಿಸಿ, ನಾನೂ ಮಗಳೂ ಅವನ ಮನೆಗೆ ಹೋಗುವುದೆಂದು ಅವನು ತೀರ್ಮಾನಿಸಿಯಾಗಿದೆ. ಹೋದ ವಾರ ನಿಮ್ಮ ಮಂಚದ ಬಳಿ ನಿಂತು ಅವನು ಕೇಳಿದ್ದು ನಿಮಗೂ ನೆನಪಿರಬೇಕು. "ಭಾವ, ನೀವೂ ಬನ್ನಿ. ಅಲ್ಲಿ ಒಂದು ಕೋಣೆ ಖಾಲಿ ಇದೆ, ಆರಾಮಾಗಿರಿ." ನೀವು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಹೊರಗೆ ಬಂದವನೇ ದನಿ ತಗ್ಗಿಸಿ ನನಗೆ ಹೇಳಿದ, "ನೋಡು, ಅವರು ಎದ್ದಾಗ ಎದ್ದಾರು. ಅಲ್ಲೀ ತನಕ ನೀನು, ಮಗು ಉಪವಾಸ ಬೀಳಬೇಕಾ? ನಿನ್ನ ಹಟಕ್ಕೆ ಆ ಮಗು ಏನ್ ಮಾಡಿತ್ತು?" ನನಗೆ ಸಿಟ್ಟು ಬಂತು. ಅವನು ಕೆಟ್ಟವನಲ್ಲ. ಅಡುಗೆಮನೆಯಲ್ಲಿ ನಮ್ಮ ಖಾಲಿ ಡಬ್ಬಗಳ ಮುಚ್ಚಳ ತೆಗೆದು ನೋಡಿದ್ದ, ಅಷ್ಟೇ.

ಆ ಡಬ್ಬಗಳ ವಿಷಯ ನಿಮಗೆ ಹೇಳಿರಲಿಲ್ಲ. ನಿಮ್ಮ ಚಹಾಕ್ಕೆ ಮಾತ್ರ ಹಾಲು ಹಾಕುತ್ತೇನೆ, ನಾವಿಬ್ಬರೂ ಕಪ್ಪು ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತೇವೆ. ಮಗಳ ಬೂಟು ಸಣ್ಣದಾಗಿ ಕಾಲು ಹೋಗುತ್ತಿಲ್ಲ. ಹಿಂಬದಿಯನ್ನು ತುಳಿದು ಚಪ್ಪಲಿಯ ಹಾಗೆ ಹಾಕಿಕೊಳ್ಳುತ್ತಾಳೆ. ಕೇಳಿದರೆ, "ಈಗ ಎಲ್ರೂ ಹೀಗೇ ಹಾಕ್ಕೊಳ್ಳೋದಮ್ಮ" ಅನ್ನುತ್ತಾಳೆ. ಸುಳ್ಳು ಹೇಳುವಾಗ ನಿಮ್ಮ ಹಾಗೆಯೇ ಕಿವಿ ಕೆರೆದುಕೊಳ್ಳುತ್ತಾಳೆ. ಮೊದಲೆಲ್ಲ ದಿನಾ ಬಾಗಿಲಲ್ಲೇ ನಿಂತು ಕೇಳುತ್ತಿದ್ದುದು ಒಂದೇ ಮಾತು, "ಅಪ್ಪ ಎದ್ರಾ?" ಇತ್ತೀಚೆಗೆ ಕೇಳುವುದನ್ನು ಬಿಟ್ಟಿದ್ದಾಳೆ. ಅವಳು ಕೇಳುತ್ತಿದ್ದಾಗ ಸಂಕಟವಾಗುತ್ತಿತ್ತು, ಈಗ ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ನಿಮ್ಮ ಕೈಗೆ ಏಟಾದ ಆ ಬೆಳಿಗ್ಗೆಯ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ಇವತ್ತು ಬರೆದೇ ಬಿಡುತ್ತೇನೆ, ಮುಖ ತಿರುಗಿಸಬೇಡಿ. ಮದುವೆಯಾದ ಹೊಸದರಲ್ಲಿ ದೊಡ್ಡ ಗಾಜಿನ ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ನೀವು ಹೇಳಿದ ಮೊದಲ ಮಾತು, "ಜಾರಿದ್ರೆ ಬಿಟ್ಬಿಡು. ಹಿಡಿಯೋಕೆ ಹೋಗ್ಬೇಡ, ಹಿಂದಕ್ಕೆ ಸರಿ. ಗಾಜು ಇನ್ನೊಂದು ತರಬಹುದು, ಕೈ ತರೋಕಾಗಲ್ಲ." ಹೊಸ ಹೆಂಡತಿಗೆ ಹೇಳಲು ನಿಮಗೆ ಬೇರೆ ಮಾತೇ ಸಿಗಲಿಲ್ಲವೇ ಎಂದು ನಾನು ಆಗ ಒಳಗೊಳಗೇ ಮುನಿಸಿಕೊಂಡಿದ್ದೆ. ಏಟಾದ ಆ ಬೆಳಿಗ್ಗೆ, ಬಟ್ಟೆ ಅಂಗಡಿಯ ಮುಂಭಾಗಕ್ಕೆಂದು ಸಾಲದಲ್ಲಿ ತರಿಸಿದ ಶೀಟನ್ನು ಗೋಡೆಗೆ ಒರಗಿಸುವಾಗ ಕೆಳಗಿನ ಮರದ ಪಟ್ಟಿ ಜರುಗಿತು. ನಾನು ಕಲಿತವಳು, ಬಿಟ್ಟು ಸರಿದೆ. ಕಲಿಸಿದವರು ಬಿಡಲಿಲ್ಲ.

ಬೀದಿಯವರೆಲ್ಲ ಒಂದೇ ಮಾತು ಆಡಿದರು. ದುಬಾರಿ ಗಾಜು, ಸಾಲದ ಗಾಜು, ಅದಕ್ಕೇ ಕೈ ಚಾಚಿದ್ದಾನೆ ಎಂದರು. ಅಣ್ಣನೂ ಹಾಗೇ ನಂಬಿದ್ದಾನೆ. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ, ಅವರೇನು ಅಲ್ಲಿದ್ದು ನೋಡಿದವರೇ? ನಾನು ಸರಿದು ನಿಂತ ಕಡೆ ಹಿಂದೆ ಕಪಾಟಿತ್ತು. ಇನ್ನಷ್ಟು ಸರಿಯಲು ಜಾಗವಿರಲಿಲ್ಲ. ಶೀಟು ವಾಲಿದ್ದು ನನ್ನ ಕಡೆಗೆ. ನಿಮ್ಮ ತೋಳು ಬಂದದ್ದು ಗಾಜಿಗೂ ನನಗೂ ನಡುವೆ. ಆ ಗಳಿಗೆಯಲ್ಲಿ ಗಾಜಿನ ಬೆಲೆ ನಿಮ್ಮ ತಲೆಯಲ್ಲಿ ಇರಲೇ ಇಲ್ಲವೆಂದು ನಾನು ಶಿಲುಬೆಯ ಮುಂದೆ ನಿಂತು ಹೇಳಬಲ್ಲೆ.

ಹೊಲಿಗೆ ಬಿಚ್ಚಿ ಡಾಕ್ಟರು, "ಕೈ ಸರಿಹೋಗಿದೆ, ಇನ್ನು ಕೆಲಸ ಮಾಡ್ತಾ ಮಾಡ್ತಾನೇ ಬಲ ಬರಬೇಕು" ಎಂದರು. ನೀವು ಆಸ್ಪತ್ರೆಯಿಂದ ಬಂದವರು ಅಂಗಡಿಯನ್ನು ದಾಟಿ, ಪರದೆ ಸರಿಸಿ, ಒಳಗೆ ಹೋಗಿ ಮಲಗಿದಿರಿ. ಅದೇ ಕೊನೆ, ಮತ್ತೆ ಈ ಮೇಜಿನ ಹತ್ತಿರ ಬರಲಿಲ್ಲ. ನಿಮಗೆ ಗಾಜೆಂದರೆ ಭಯ ಹುಟ್ಟಿದೆ ಎಂದು ಡಾಕ್ಟರು ತಿಳಿದಿದ್ದಾರೆ. ನನಗೆ ಗೊತ್ತಿರುವುದು ಬೇರೆ. ನಾನು ಈಚೆ ಕೂತು ಕತ್ತರಿಸುವಾಗ ಒಂದು ತುಂಡು ಅಡ್ಡಾದಿಡ್ಡಿ ಒಡೆದರೆ ಸಾಕು, ಆಚೆ ನಿಮ್ಮ ಮಂಚ ಕಿರುಗುಟ್ಟುತ್ತದೆ. ನೀವು ದಡಕ್ಕನೆ ಎದ್ದು ಕೂರುತ್ತೀರಿ. ನಾನು "ಏನಾಗಿಲ್ಲ ರೀ" ಅನ್ನುವವರೆಗೂ ಉಸಿರಾಡುವ ಸದ್ದೂ ಇರುವುದಿಲ್ಲ. ಆಮೇಲೆ ಮಂಚ ಮತ್ತೆ ಕಿರುಗುಟ್ಟುತ್ತದೆ, ಮಲಗಿಬಿಡುತ್ತೀರಿ. ನೀವು ಹೆದರಿರುವುದು ಗಾಜಿಗಲ್ಲ. ಮುಂದಿನ ಸಲ ನಿಮ್ಮ ತೋಳು ಅಲ್ಲಿಗೆ ಮುಟ್ಟದೆ ಹೋದರೆ ಎಂದು ಹೆದರಿದ್ದೀರಿ.

ಅದಕ್ಕೇ ನನಗೆ ನಿಮ್ಮ ಮೇಲೆ ಇಷ್ಟು ಕೋಪ. ನನಗೋಸ್ಕರ ತೋಳು ಕೊಟ್ಟಿರಿ, ಸರಿ, ಸಾಯುವ ತನಕ ಆ ಋಣ ಮರೆಯುವುದಿಲ್ಲ. ಆಮೇಲೆ ಇಡೀ ಮನುಷ್ಯನನ್ನೇ ನನ್ನಿಂದ ಕಿತ್ತುಕೊಂಡಿರಲ್ಲ, ಇದು ಯಾವ ನ್ಯಾಯ? ಕಪಾಟಿನ ಮುಂದೆ ನನ್ನನ್ನು ಉಳಿಸಿ, ಖಾಲಿ ಅಡುಗೆಮನೆಯಲ್ಲಿ ಒಬ್ಬಳನ್ನೇ ಬಿಟ್ಟಿರಿ. ಕೆಲವು ದಿನ ನಿಮ್ಮ ಬೆನ್ನು ನೋಡುತ್ತಾ ನಿಂತು, ಇವರ ಬದಲು ಆ ಗಾಜು ನನ್ನ ಮೇಲೇ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿದೆ. ಇದನ್ನು ಪ್ರಾರ್ಥನೆಯಲ್ಲಿ ಕರ್ತನಿಗೂ ಹೇಳಿದ್ದೇನೆ. ಅವನೂ ನಿಮ್ಮ ಹಾಗೆಯೇ, ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಹಾಗೆಂದು ನಾನು ಕೈಕಟ್ಟಿ ಕೂರಲಿಲ್ಲ. ಇಷ್ಟು ವರ್ಷ ಪರದೆಯ ಆಚೆ ಅಡುಗೆ ಮಾಡುತ್ತಾ ಗಾಜು ಗೀರುವ ನಿಮ್ಮ ಕಟರಿನ ಸದ್ದು ಕೇಳಿದವಳು ನಾನು. ಒಳ್ಳೆಯ ಗೀರು ಯಾವುದು, ಕೆಟ್ಟದ್ದು ಯಾವುದು ಎಂದು ಕಿವಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೈ ಕಲಿಯುವ ಹೊತ್ತಿಗೆ ಬೆರಳುಗಳ ತುಂಬಾ ಪಟ್ಟಿ. ಗೀರಿದ ಮೇಲೆ ಸರಿಯಾಯಿತೋ ಇಲ್ಲವೋ ಎಂದು ಅನುಮಾನ ಬಂದು ಅದೇ ಗೀರಿನ ಮೇಲೆ ಇನ್ನೊಮ್ಮೆ ಕಟರ್ ಓಡಿಸುತ್ತಿದ್ದೆ, ಗಾಜು ಎಲ್ಲೆಲ್ಲೋ ಒಡೆಯುತ್ತಿತ್ತು. ಆಗ ನಿಮ್ಮ ಮಾತು ನೆನಪಾಯಿತು. ನೀವು ಮಗಳಿಗೆ ಹೇಳುತ್ತಿದ್ದಿರಿ, "ಒಂದೇ ಸಲ ಎಳೀಬೇಕು ಪುಟ್ಟಿ, ಎಳೆದ ಮೇಲೆ ನಂಬಬೇಕು. ಪ್ರಾರ್ಥನೆ ಮಾಡಿ ಎದ್ದ ಮೇಲೆ ಹಿಂದೆ ತಿರುಗಿ ದೇವರು ಕೇಳಿಸ್ಕೊಂಡ್ನಾ ಅಂತ ನೋಡ್ತೀವಾ?" ನಿಮ್ಮ ಉಪದೇಶ ಮಗಳಿಗೆ ತಲುಪಿತೋ ಇಲ್ಲವೋ, ನನ್ನ ಬೆರಳುಗಳನ್ನಂತೂ ಉಳಿಸಿತು. ಈಗ ಫೋಟೋಗಳ ಗಾಜು, ಕಪಾಟಿನ ಬಾಗಿಲು, ಸಣ್ಣ ಕಿಟಕಿಗಳು ನನ್ನ ಕೈಲಾಗುತ್ತವೆ. ಮುಂಜಾನೆ ಎದ್ದು ಬಾಗಿಲು ತೆರೆಯುತ್ತೇನೆ, ಕತ್ತಲಾದ ಮೇಲೆ ಮುಚ್ಚುತ್ತೇನೆ, ಅಳತೆ ತಪ್ಪಿಸುವುದಿಲ್ಲ, ಹೇಳಿದ ಹೊತ್ತಿಗೆ ಕೊಡುತ್ತೇನೆ. ಆದರೂ ಅದರಲ್ಲಿ ಬಾಡಿಗೆ ಹುಟ್ಟುವುದಿಲ್ಲ. ಬದುಕು ನಡೆಯುವುದು ದೊಡ್ಡ ಶೀಟುಗಳಿಂದ, ದೊಡ್ಡ ಶೀಟು ಒಬ್ಬರ ಕೆಲಸವಲ್ಲ.

ಪಾದ್ರಿಗಳು ಬಂದದ್ದು ನಿಮಗೆ ಕೇಳಿಸಿರಬೇಕು, ಅವರ ದನಿ ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಗಾಳಿಮಳೆಗೆ ಒಡೆದ ಚರ್ಚಿನ ದೊಡ್ಡ ಕಿಟಕಿಗೆ ನೀವು ಅಳತೆ ತೆಗೆದುಕೊಂಡು ಬಂದಿದ್ದಿರಿ. ಆ ವಾರವೇ ನಿಮ್ಮ ಕೈಗೆ ಏಟಾಯಿತು. ಇಷ್ಟು ತಿಂಗಳು ಅವರು ಬೇರೆಯವರನ್ನು ಕರೆಯದೆ ಅಲ್ಲಿ ಟಾರ್ಪಾಲು ಕಟ್ಟಿಕೊಂಡು ಕಾದಿದ್ದಾರೆ. "ಪಾರಿವಾಳಗಳು ಒಳಗೆ ಬಂದು ನನ್ನ ಪ್ರಸಂಗ ಕೇಳ್ತಿವೆ ಕಣಮ್ಮ. ನಿಮ್ಮ ಯಜಮಾನ್ರಿಗಿಂತ ಅವೇ ವಾಸಿ, ವಾರ ತಪ್ಪಿಸಲ್ಲ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಳತೆ ತಗೊಂಡೋರೇ ಹಾಕಲಿ ಅಂತ ಸಭೆಯವರ ಆಸೆ. ಇದು ಚೆನ್ನಾಗಾದ್ರೆ ಪಕ್ಕದ ಶಾಲೆಯ ಕಿಟಕಿಗಳನ್ನೂ ನಿಮಗೇ ಕೊಡ್ತೀವಿ" ಎಂದರು. ಗಾಜನ್ನು ಅವರೇ ತರಿಸಿಕೊಟ್ಟಿದ್ದಾರೆ. ಶಾಲೆಯ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ಅಣ್ಣನ ವ್ಯಾನು ಖಾಲಿ ಹಿಂದಿರುಗುತ್ತದೆ. ಕಿಟಕಿಯನ್ನು ನಾಳೆ ಬೆಳಿಗ್ಗೆ ಕೂರಿಸುತ್ತೇವೆಂದು ನಾನು ಒಪ್ಪಿಕೊಂಡೆ. ಕೂರಿಸುತ್ತೇನೆ ಎಂದು ಹೇಳಬೇಕಿತ್ತು, ಬಾಯಿಗೆ ಬಂದದ್ದು ಕೂರಿಸುತ್ತೇವೆ.

ಇವತ್ತು ಬೆಳಿಗ್ಗೆ ಅದನ್ನು ಕತ್ತರಿಸಿದೆ. ಶೀಟನ್ನು ಮೇಜಿಗೆ ಏರಿಸಲು ತಂದವರೇ ನೆರವಾದರು. ಅವರು ಹೋದ ಮೇಲೆ ಒಬ್ಬಳೇ ನಿಂತೆ. ಒಡೆದರೆ ಇನ್ನೊಂದು ತರಿಸುವ ಶಕ್ತಿ ನಮಗಿಲ್ಲ. ನೀವು ಮೊದಲ ಗೀರಿಗೆ ಮುಂಚೆ ಮಾಡುತ್ತಿದ್ದ ಹಾಗೆ ಗಾಜಿನ ಮೂಲೆಯಲ್ಲಿ ಬೆರಳಿನಿಂದ ಶಿಲುಬೆ ಎಳೆದೆ. ಭಕ್ತಿಯ ಮಾತು ಒಂದೂ ಬರಲಿಲ್ಲ. "ಕರ್ತನೇ, ನನ್ನ ಕೈಲಿ ಇನ್ನು ಆಗೋದಿಲ್ಲ. ಇದು ನಿನ್ನ ಮನೆ ಕಿಟಕಿ, ಒಡೆದ್ರೆ ಚಳಿ ನಿನಗೇ" ಎಂದು ಹೇಳಿ ಕಟರ್ ಎಳೆದುಬಿಟ್ಟೆ. ತಿರುಗಿ ನೋಡಲಿಲ್ಲ, ಇನ್ನೊಮ್ಮೆ ಎಳೆಯಲಿಲ್ಲ. ಒತ್ತಿದೆ. ಗಾಜು ಆ ತುದಿಯಿಂದ ಈ ತುದಿಗೆ ಒಂದೇ ಗೆರೆಯಲ್ಲಿ ಬಿಟ್ಟಿತು. ನೀವು ಅದನ್ನು ಕೇಳಿಸಿಕೊಂಡಿರಿ, ನನಗೆ ಗೊತ್ತು. ಮಂಚ ಕಿರುಗುಟ್ಟಲಿಲ್ಲ. ನಾನು ಕೆಳಗೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಕತ್ತರಿಸಿದ ಗಾಜನ್ನು ಇಳಿಸಲು ಪಕ್ಕದ ಸಿಮೆಂಟು ಅಂಗಡಿಯವರು ಬಂದು ಕೈಜೋಡಿಸಿದರು. ನಾಳೆಗೂ ಜನ ಕಳಿಸುತ್ತೇನೆ ಎಂದರು. ಬೇಡ ಎಂದೆ. ಅವರ ಆಳುಗಳು ಸಿಮೆಂಟು ಚೀಲ ಹೊರುವವರು, ಗಾಜು ಹಿಡಿದು ನಡೆಯುವ ನಡಿಗೆ ಅವರಿಗೆ ತಿಳಿಯದು ಎಂದು ನೆಪ ಹೇಳಿದೆ. ನಿಜ ಅದಲ್ಲ. ನೀವು ಬರುವುದಿಲ್ಲವೆಂದು ನಾನೇ ತೀರ್ಮಾನಿಸಿ ಇನ್ನೊಬ್ಬರನ್ನು ಆ ಜಾಗದಲ್ಲಿ ನಿಲ್ಲಿಸಿದರೆ, ಆಮೇಲೆ ನಿಮಗೆ ನಿಲ್ಲಲು ಜಾಗ ಎಲ್ಲಿ? ಹುಚ್ಚು ಹಟ ಅನ್ನಿ, ಒಪ್ಪುತ್ತೇನೆ. ಆದರೆ ನೀವು ಬರದಿದ್ದರೆ ಗಾಜನ್ನು ಪಾದ್ರಿಗಳು ಬೇರೆಯವರಿಂದ ಹೊರಿಸಿಕೊಂಡು ಹೋಗಲಿ, ನಾನು ಮಧ್ಯಾಹ್ನ ಮಗಳ ಕೈ ಹಿಡಿದು ವ್ಯಾನು ಹತ್ತುತ್ತೇನೆ. ಇದು ಬೆದರಿಕೆಯಲ್ಲ ರೀ. ಹಸಿದ ಮಗುವಿನ ಮುಂದೆ ನನ್ನ ಹಟ ನಿಲ್ಲುವುದಿಲ್ಲ. ನಿಮ್ಮನ್ನು ಬಿಟ್ಟು ಹೋದವಳು ಆ ಮೇಲೆ ಹೇಗೆ ಬದುಕುತ್ತಾಳೋ ನನಗೆ ಗೊತ್ತಿಲ್ಲ.

ಭಯ ಬಿಟ್ಟು ಬನ್ನಿ ಎಂದು ನಾನು ಕೇಳುತ್ತಿಲ್ಲ. ನನಗೂ ಭಯವಿದೆ, ಕಪಾಟಿಗೆ ಬೆನ್ನು ಕೊಟ್ಟು ನಿಂತವಳು ನಾನಲ್ಲವೇ. ಭಯವನ್ನು ಇಟ್ಟುಕೊಂಡೇ ಬನ್ನಿ, ನಡುಗುವ ಕೈಯನ್ನೇ ತನ್ನಿ. ಕರ್ತ ನಮ್ಮಿಂದ ಗಟ್ಟಿ ಕೈ ಕೇಳಿದ್ದಾನೆಂದು ನನಗೆ ಅನ್ನಿಸುವುದಿಲ್ಲ, ಬಂದ ಕೈಯನ್ನು ಅವನು ಹಿಡಿದುಕೊಳ್ಳುತ್ತಾನೆ. ಇದನ್ನು ಪೂರ್ತಿ ನಂಬಿ ಬರೆಯುತ್ತಿದ್ದೇನೆ ಎಂದರೆ ಸುಳ್ಳಾದೀತು. ನಂಬದೆ ನನಗೆ ಬೇರೆ ದಾರಿಯಿಲ್ಲ.

ಬೆಳಿಗ್ಗೆ ಚರ್ಚಿನ ಗಂಟೆ ಹೊಡೆದ ಕೂಡಲೇ ನಾನು ಅಂಗಡಿಯ ಬಾಗಿಲು ಪೂರ್ತಿ ತೆರೆಯುತ್ತೇನೆ. ಕೈಗವಸು ಹಾಕಿಕೊಂಡು ಗಾಜಿನ ಮುಂದಿನ ತುದಿ ಹಿಡಿದು, ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಮುಂದೆ ಹಿಡಿದವರು ಹಿಂದೆ ತಿರುಗುವ ಹಾಗಿಲ್ಲ, ತಿರುಗಿದರೆ ಗಾಜು ತಿರುಚುತ್ತದೆ. ಆದ್ದರಿಂದ ಪರದೆ ಸರಿಯಿತೋ ಇಲ್ಲವೋ ನನಗೆ ಕಾಣುವುದಿಲ್ಲ. ನೀವು ಏನೂ ಮಾತಾಡಬೇಕಾಗಿಲ್ಲ. ನನ್ನ ತೋಳು ಸೋಲುವ ತನಕ ಕಾಯುತ್ತೇನೆ. ಹಿಂದಿನ ತುದಿ ಮೇಲೆದ್ದರೆ, ಅಷ್ಟರಿಂದಲೇ ನನಗೆ ತಿಳಿಯುತ್ತದೆ.

ನಿಮ್ಮನ್ನು ಕಾಯುವ ಕರ್ತನು ಇಂದಿನ ರಾತ್ರಿ ನಿಮಗೆ ಒಳ್ಳೆಯ ನಿದ್ದೆ ಕೊಡಲಿ, ಬೆಳಿಗ್ಗೆ ಕಾಲಿಗೆ ಬಲ ಕೊಡಲಿ.

ಇಂತಿ,
ಮುಂದಿನ ತುದಿ ಹಿಡಿದು ನಿಲ್ಲುವ
ನಿಮ್ಮವಳು